ಒಂದು ಲೋಟ ನೀರು, ಒಬ್ಬರು ಅತ್ತೆ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡಿ ಎಂದು ಹಿರಿಯರು ಹೇಳಿದ್ದಾರೆ. ಹಾಗೆ ಹೇಳಿದ ಹಿರಿಯರಿಗೆ ಕುಲಾವಿ ಹೊಲಿಸುವ ಸುಖ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಕೂಸು ಬಂದಮೇಲೆ ನಿದ್ದೆಗೆಡುವುದು ಇದ್ದೇ ಇದೆ. ಬಣ್ಣ ಆರಿಸುವ ಸಂಭ್ರಮವೆಲ್ಲ ಅದಕ್ಕೆ ಮುಂಚೆಯೇ. ರಿಪೇರಿ ಅಕ್ಕ ಇನ್ನು ಮೇಲೆ ಸ್ವಂತವಾಗಿ ಬರೆದು ಬದುಕುತ್ತೇನೆ ಎಂದು ಹೊರಟಾಗಲೂ ಹೀಗೇ ಆಯಿತು. ಒಂದು ಸಾಲು ಬರೆಯುವ ಮೊದಲೇ ಅವಳ ಪುಟ್ಟ ಕೋಣೆಗೆ ಮೇಜು ಬಂತು, ಕತ್ತು ಬಗ್ಗಿಸುವ ದೀಪ ಬಂತು, ಕಿವಿ ಮುಚ್ಚುವ ಹೆಡ್‌ಫೋನ್ ಬಂತು, ಮೈದುನನ ಹಳೇ ಲ್ಯಾಪ್‌ಟಾಪ್ ಬಂತು. ಬರದೆ ಉಳಿದದ್ದು ಕೆಲಸವೊಂದೇ.

ಅದಕ್ಕೆ ಮುಂಚೆ ಅವಳು ಮನೆಬಳಕೆಯ ಸಾಮಾನು ಮಾರುವ ಅಂಗಡಿಯೊಂದರ ಹಿಂಭಾಗದಲ್ಲಿ, ರಿಪೇರಿ ಕೌಂಟರಿನ ಹಿಂದೆ, ಎತ್ತರದ ಮರದ ಸ್ಟೂಲಿನ ಮೇಲೆ ಕೂರುತ್ತಿದ್ದಳು. ರಿಪೇರಿ ಅಕ್ಕ ಎಂಬ ಹೆಸರು ಬಂದದ್ದೂ ಅಲ್ಲೇ. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಕೆಟ್ಟ ಮಿಕ್ಸಿ, ಸುಟ್ಟ ಇಸ್ತ್ರಿಪೆಟ್ಟಿಗೆ, ಸಿಟ್ಟಾದ ಗಿರಾಕಿ, ಎಲ್ಲವೂ ಅವಳ ಮುಂದೆಯೇ ಬಂದು ನಿಲ್ಲುತ್ತಿದ್ದವು. ನಿಜ ಹೇಳಬೇಕೆಂದರೆ ಹಾಗೆ ಬಂದ ಸಾಮಾನಿನಲ್ಲಿ ಅರ್ಧಕ್ಕರ್ಧ ಕೆಟ್ಟೇ ಇರುತ್ತಿರಲಿಲ್ಲ. ಮುಚ್ಚಳವನ್ನು ತಿರುಗಿಸಿ ಕೂರಿಸಿರುವುದಿಲ್ಲ, ಒಳಗಿನ ಪ್ಲಾಸ್ಟಿಕ್ ಹಾಳೆ ತೆಗೆದಿರುವುದಿಲ್ಲ, ಅಷ್ಟೇ. ಡಬ್ಬದೊಳಗಿನ ಪುಸ್ತಿಕೆ ಓದಿ ತಿಳಿದುಕೊಳ್ಳೋಣ ಎಂದರೆ ಆ ಪುಸ್ತಿಕೆಗಳೋ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಹೀಗಾಗಿ ಅಕ್ಕ ಫೋನಿನಲ್ಲೇ ಜನರ ಸಾಮಾನು ಸರಿಮಾಡಿಸುತ್ತಿದ್ದಳು. ಯಾರು ಎಷ್ಟೇ ಕೂಗಾಡಲಿ, ಅವಳು ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಈಗ ನಿಮ್ಮ ಕೈ ಎಲ್ಲಿದೆ ಹೇಳಿ." ಈ ಪ್ರಶ್ನೆಗೆ ಸಿಟ್ಟಿನಲ್ಲಿ ಉತ್ತರ ಕೊಡುವುದು ಯಾರಿಗೂ ಆಗುವುದಿಲ್ಲ. ಕೈ ನೋಡಿಕೊಳ್ಳುವಷ್ಟರಲ್ಲಿ ಸಿಟ್ಟು ಅರ್ಧ ಇಳಿದಿರುತ್ತದೆ.

ಒಮ್ಮೆ ನೀರು ಸೋಸುವ ಯಂತ್ರವೊಂದು ಮಾರಿದಷ್ಟೂ ವಾಪಸು ಬರತೊಡಗಿತು. ಬೇಸತ್ತ ಅಕ್ಕ ಅದನ್ನು ಜೋಡಿಸುವ ಬಗೆಯನ್ನು ತನ್ನ ಮಾತಿನಲ್ಲೇ ಒಂದು ಹಾಳೆಯ ಮೇಲೆ ಬರೆದು, ಜೆರಾಕ್ಸ್ ಮಾಡಿಸಿ, ಪ್ರತಿ ಡಬ್ಬಕ್ಕೂ ಅಂಟಿಸಿದಳು. ವಾಪಸು ಬರುವುದು ನಿಂತುಹೋಯಿತು. ಕಂಪನಿಯ ಕಡೆಯಿಂದ ಬಂದ ಮಾರಾಟದ ಮನುಷ್ಯ ಆ ಹಾಳೆ ಓದಿ, "ಅಕ್ಕಾ, ಇದನ್ನ ನೀವು ಬರೆದದ್ದಾ? ನೀವು ಇಲ್ಲಿ ಯಾಕಿದ್ದೀರಿ? ಇಂಥ ಪುಸ್ತಿಕೆ ಬರೆದುಕೊಡೋರಿಗೆ ಎಷ್ಟು ಕಂಪನಿಗಳು ಕಾಯ್ತಾ ಇವೆ ಗೊತ್ತಾ?" ಅಂದ. ಅವನು ಚಹಾ ಕುಡಿದು ಹೋದ, ಬಹುಶಃ ಆಡಿದ ಮಾತನ್ನೂ ಅಲ್ಲೇ ಮರೆತ. ಅಕ್ಕನ ತಲೆಯೊಳಗೆ ಮಾತ್ರ ಹುಳ ಬಿಟ್ಟು ಹೋದ. ತಾನು ಬರೆದದ್ದು ಅಚ್ಚಾಗಿ, ಡಬ್ಬದೊಳಗೆ ಕೂತು, ಗುರುತಿಲ್ಲದ ಮನೆಗಳಿಗೆ ಹೋಗಬೇಕು, ಅಲ್ಲಿ ಯಾರೋ ಅದನ್ನು ಓದಿ "ಓ, ಹೀಗಾ" ಅನ್ನಬೇಕು ಎಂಬ ಆಸೆ ಅವಳಿಗೆ ಹತ್ತಿಬಿಟ್ಟಿತು.

ಅಂಗಡಿಯ ಸಾಹುಕಾರರು ಒಳ್ಳೆಯವರು. ಕೆಲಸ ಬಿಡುತ್ತೇನೆ ಎಂದಾಗ ಕನ್ನಡಕ ತೆಗೆದು ಒರೆಸಿಕೊಂಡರು.

"ಬರೀತೀರಾ, ಬರೀರಿ. ಮಳೆಗಾಲ ಮುಗಿಯೋವರೆಗೂ ನಿಮ್ಮ ಸ್ಟೂಲಲ್ಲಿ ಯಾರನ್ನೂ ಕೂರಿಸಲ್ಲ. ಅಷ್ಟರೊಳಗೆ ಒಂದು ಕೆಲಸ ಸಿಕ್ತಾ, ಒಳ್ಳೇದಾಗ್ಲಿ. ಸಿಗಲಿಲ್ವಾ, ಸುಮ್ನೆ ಬಂದು ಕೂತ್ಕೊಳ್ಳಿ, ನಾನೇನೂ ಕೇಳಲ್ಲ. ಅದರ ಮೇಲೆ ಮಾತ್ರ ಬೇರೆಯವರನ್ನ ನೋಡ್ಕೋಬೇಕಾಗುತ್ತೆ, ತಪ್ಪು ತಿಳೀಬೇಡಿ."

ಹೀಗೆ ಒಂದು ಕಡೆ ಖಾಲಿ ಸ್ಟೂಲು, ಇನ್ನೊಂದು ಕಡೆ ಮೋಡ ತುಂಬಿದ ಆಕಾಶ. ಮಳೆ ನಿಲ್ಲುವುದರೊಳಗೆ ಒಂದೇ ಒಂದು ಕೆಲಸ ಸಿಗಬೇಕು. ಆ ವರ್ಷ ಮಳೆ ಜೋರಾದಾಗಲೆಲ್ಲ ಖುಷಿಪಟ್ಟವಳು ಆ ಬೀದಿಯಲ್ಲಿ ಅಕ್ಕ ಒಬ್ಬಳೇ.

ಮನೆಯವರ ಪೈಕಿ ಗಂಡ ತಲೆ ಕೆಡಿಸಿಕೊಳ್ಳಲಿಲ್ಲ. ಅವನು ಅಂಗಡಿಗಳಿಗೆ ಬೋರ್ಡ್ ಬರೆಯುವವನು. "ಈ ಮನೇಲಿ ಬರೆದು ಬದುಕೋನು ನಾನೊಬ್ಬನೇ ಇದ್ದೆ, ಈಗ ಪೈಪೋಟಿ ಬಂತು" ಎಂದು ನಕ್ಕ. ಮಾರನೆಯ ದಿನವೇ ಒಂದು ಹಲಗೆಗೆ ಹಳದಿ ಬಣ್ಣ ಬಳಿದು, ಕಪ್ಪು ಅಕ್ಷರದಲ್ಲಿ, ರಸ್ತೆ ಅಗೆಯುವ ಕಡೆ ಇಡುತ್ತಾರಲ್ಲ ಆ ಥರ, "ಬರವಣಿಗೆ ನಡೆಯುತ್ತಿದೆ. ಒಳಗೆ ಬರಬೇಡಿ" ಎಂದು ಬರೆದು ಅವಳ ಕೋಣೆಯ ಬಾಗಿಲಿಗೆ ತೂಗುಹಾಕಿದ. ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ಮೈದುನ ಅತ್ತಿಗೆಗೆ ಯಾವ ಯಾವ ಸಲಕರಣೆ ಬೇಕೆಂದು ತಾನೇ ತೀರ್ಮಾನಿಸಿದ. ಉಳಿದವರು ಅತ್ತೆ.

ಅತ್ತೆ ನರ್ಸಾಗಿ ದುಡಿದು ನಿವೃತ್ತರಾದವರು. ಚೀಟಿಯಲ್ಲಿ ಬರೆದದ್ದಕ್ಕಿಂತ ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ, ಇದು ಅವರು ಜೀವಮಾನವೆಲ್ಲ ನಡೆದುಕೊಂಡ ರೀತಿ. ಆಸ್ಪತ್ರೆ ಬಿಟ್ಟರೂ ಆ ರೀತಿ ಅವರನ್ನು ಬಿಟ್ಟಿರಲಿಲ್ಲ. ಬಿಸ್ಕತ್ತಿನ ಪೊಟ್ಟಣದ ಮೇಲೆ "ತಂಪಾದ, ಕತ್ತಲೆಯ ಜಾಗದಲ್ಲಿಡಿ" ಎಂದಿದ್ದರೆ ಅದು ಕರಿ ಬಟ್ಟೆ ಸುತ್ತಿಕೊಂಡು ಮಂಚದ ಕೆಳಗೆ ಹೋಗುತ್ತಿತ್ತು. ಮನೆಯವರು ಮರೆತರೆ ಇರುವೆಗಳು ನೆನಪಿಸುತ್ತಿದ್ದವು. ಸೊಸೆ ಕೆಲಸ ಬಿಟ್ಟದ್ದು ಅವರಿಗೆ ಸರಿಬರಲಿಲ್ಲ. ಮುಚ್ಚುಮರೆ ಮಾಡುವ ಜಾಯಮಾನವೂ ಅವರದಲ್ಲ.

"ಕೂತ ಕೊಂಬೇನ ಕಡೀತಾ ಇದೀಯಲ್ಲೇ. ಬಿದ್ರೆ ಬ್ಯಾಂಡೇಜ್ ಕಟ್ಟೋಕೆ ನಾನಿದೀನಿ ಅಂತ ಧೈರ್ಯವಾ?" ಅಂದರು. ಅಂದವರೇ ಹೋಗಿ ಆ ಕೋಣೆಯ ಕಿಟಕಿಯ ಧೂಳು ಒರೆಸಿದರು.

ಇನ್ನು ಸಲಕರಣೆಗಳ ಪಾಡು ಕೇಳಿ. ಮೈದುನ ತಂದ ಪುಟ್ಟ ಗಡಿಯಾರವೊಂದು ಇಷ್ಟು ಹೊತ್ತು ಬರೆದರೆ ಟ್ರಿಣ್ ಎಂದು ಬಡಿದುಕೊಂಡು, ಎದ್ದು ಬೆನ್ನು ಚಾಚಲು ಹೇಳುತ್ತಿತ್ತು. ಅದು ಬಡಿದಾಗಲೆಲ್ಲ ಅತ್ತೆ ಅಡುಗೆಮನೆಯಲ್ಲಿ ಒಲೆ ಆರಿಸಿಬಿಡುತ್ತಿದ್ದರು. ಮೂರು ದಿನ ಮನೆಮಂದಿಯೆಲ್ಲ ಅರೆಬೆಂದ ಆಲೂಗಡ್ಡೆ ತಿಂದಮೇಲೆ ಗಡಿಯಾರ ಮೈದುನನ ಕೋಣೆಗೆ ವಾಪಸಾಯಿತು. ಹೆಡ್‌ಫೋನ್ ಹಾಕಿಕೊಂಡರೆ ಹೊರಗಿನ ಸದ್ದೇ ಕೇಳದು. ಪಾರ್ಸಲ್ ತಂದವನು ಬಾಗಿಲು ಬಡಿದು ಬಡಿದು ಹೋಗಿಯೇಬಿಟ್ಟ. ಆ ಪಾರ್ಸಲಿನಲ್ಲಿದ್ದದ್ದು ಹೊಸ ಬಾಗಿಲ ಗಂಟೆ.

ಎಲ್ಲಕ್ಕಿಂತ ದೊಡ್ಡ ಸಲಕರಣೆ ಲ್ಯಾಪ್‌ಟಾಪಿನೊಳಗೆ ಕೂತಿತ್ತು. ಬರೆದದ್ದನ್ನು ತಿದ್ದುವ ತಂತ್ರಾಂಶ ಅದು. ಅಕ್ಕ "ಮುಚ್ಚಳವನ್ನು ಬಲಕ್ಕೆ ತಿರುಗಿಸಿ" ಎಂದು ಬರೆದರೆ ಅದು ಕೆಂಪು ಗೆರೆ ಎಳೆದು, ಈ ಸಾಲು ಓದುಗರನ್ನು ಸೆಳೆಯುವುದಿಲ್ಲ ಎಂದು ಮೂಗು ಮುರಿಯುತ್ತಿತ್ತು. ಅಕ್ಕ ಹೊಸಬಳು, ದೊಡ್ಡವರು ಹೇಳಿದ್ದಾರೆಂದು ತಿದ್ದುತ್ತಾ ಹೋದಳು. ಕಂಪನಿಗಳಿಗೆ ಮಾದರಿಯಾಗಿ ಕಳಿಸಲು ಮಿಕ್ಸಿಯ ಮೇಲೊಂದು ಪುಟ ತಯಾರಾಯಿತು. ಕೆಂಪು ಗೆರೆ ಒಂದೂ ಉಳಿಯಲಿಲ್ಲ. ಅದನ್ನು ಹತ್ತಾರು ಕಡೆ ಕಳಿಸಿದಳು. ಮಳೆ ಹಿಡಿದು ಸುರಿಯಿತು, ಒಂದೇ ಒಂದು ಉತ್ತರ ಬರಲಿಲ್ಲ.

ಒಂದು ಮಧ್ಯಾಹ್ನ ಬೇಜಾರಿಗೆ ಆ ಪುಟವನ್ನು ಅತ್ತೆಯ ಕೈಗಿತ್ತಳು. ಅತ್ತೆ ಕನ್ನಡಕ ಏರಿಸಿ, ಪಕ್ಕದಲ್ಲಿ ಮಿಕ್ಸಿ ಇಟ್ಟುಕೊಂಡು, ವಾರ್ಡಿನಲ್ಲಿ ಚೀಟಿ ಓದುವ ಧ್ವನಿಯಲ್ಲಿ ಓದಿದರು: "ನಿಮ್ಮ ಅಡುಗೆಮನೆಯ ಕನಸುಗಳಿಗೆ ರೆಕ್ಕೆ ಮೂಡಿಸುವ ಈ ಸುಂದರ ಮುಚ್ಚಳದೊಂದಿಗೆ ನಿಮ್ಮ ಪಯಣ ಆರಂಭಿಸಿ." ಓದಿ, ಮುಚ್ಚಳವನ್ನು ಕೈಯಲ್ಲಿ ಹಿಡಿದು ಎದ್ದು ನಿಂತರು.

"ಎಲ್ಲಿಗೆ ಹೋಗ್ಬೇಕೇ?"

ಅಕ್ಕ ಮೊದಲು ನಕ್ಕಳು. ಆಮೇಲೆ ನಗು ನಿಂತಿತು. ಅಂಗಡಿಯ ಕೌಂಟರಿನಲ್ಲಿ ಕೂತಿದ್ದಾಗ ಇಂಥದೇ ಪುಸ್ತಿಕೆಗಳನ್ನು ಬರೆದವರನ್ನು ತಾನು ಎಷ್ಟು ಬೈದಿರಲಿಲ್ಲ. ಆ ಸಂಜೆ ಕೆಂಪು ಗೆರೆಯ ತಂತ್ರಾಂಶ ಲ್ಯಾಪ್‌ಟಾಪಿನಿಂದ ಹೊರಬಿತ್ತು.

ಆದರೂ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಅಕ್ಕನಿಗೆ ಇನ್ನೂ ಒಂದು ಗುಮಾನಿ ಉಳಿದಿತ್ತು: ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬರೆದರೆ ಬರವಣಿಗೆ ಪ್ಲಾಸ್ಟಿಕ್ಕಿನ ಹಾಗೇ ಬರುತ್ತದೋ ಏನೋ. ಗಾಲಿ ಇರುವ, ಗರಗರ ತಿರುಗುವ, ಮೇಲೆ ಕೆಳಗೆ ಮಾಡಬಹುದಾದ ಕುರ್ಚಿಯೊಂದು ಬೇಕೆನಿಸಿತು. ಅದೂ ಬಂತು, ಬಿಡಿಬಿಡಿಯಾಗಿ, ದೊಡ್ಡ ಡಬ್ಬದಲ್ಲಿ. ಜೊತೆಗೊಂದು ಹಾಳೆ.

ಮೈದುನ ಹಾಳೆಯನ್ನು ಪಕ್ಕಕ್ಕೆಸೆದು, "ಇಂಥವು ಎಷ್ಟು ನೋಡಿಲ್ಲ ಅತ್ತಿಗೆ" ಎನ್ನುತ್ತಾ ಜೋಡಿಸಿದ. ಕುರ್ಚಿಯ ಬೆನ್ನು ಮುಂದಕ್ಕೆ ಬಾಗಿ, ಬಿದ್ದ ನಾಣ್ಯ ಹುಡುಕುವವರ ಹಾಗೆ ನಿಂತಿತು. ಆಗ ಅತ್ತೆ ಹಾಳೆಯನ್ನು ಕೈಗೆ ತೆಗೆದುಕೊಂಡರು. ಎಲ್ಲ ಬಿಚ್ಚಿ, ಮೊದಲಿನಿಂದ, ಸಾಲು ಸಾಲಾಗಿ. ಹಾಳೆಯಲ್ಲಿ "ಕಂಬವನ್ನು ಆಸನದ ತೂತಿಗೆ ಸೇರಿಸಿ" ಎಂದಿತ್ತು. ಕಂಬದ ತುದಿಗೆ ಕೆಂಪು ಪ್ಲಾಸ್ಟಿಕ್ ಮುಚ್ಚಳವೊಂದು ಬಿಗಿದುಕೊಂಡಿತ್ತು.

"ಇದನ್ನ ತೆಗೀಬೇಕೇನೋ?" ಎಂದರು ಅತ್ತೆ.

"ಬರೆದಿದೆಯಾ?" ಎಂದ ಮೈದುನ, ತನ್ನ ಕೆಲಸ ಬಿಚ್ಚಿಸಿದ ಮುನಿಸಿನಲ್ಲಿ.

"ಬರೆದಿಲ್ಲ."

"ಮತ್ತೆ ಬಿಡಮ್ಮ."

ಬರೆದಿಲ್ಲದ್ದನ್ನು ಅತ್ತೆ ಮಾಡುವವರಲ್ಲ. ಮುಚ್ಚಳ ಹಾಗೇ ಉಳಿಯಿತು. ಕುರ್ಚಿ ಮೇಲೂ ಹೋಗದು, ಕೆಳಗೂ ಬಾರದು. ಕೂತರೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತದೆ. ಎರಡು ದಿನ ಕಳೆದ ಮೇಲೆ ಗಂಡ ಚಪ್ಪಲಿ ಹುಡುಕಲು ನೆಲಕ್ಕೆ ಬಗ್ಗಿದವನು ಕೆಂಪಗೆ ಕಂಡದ್ದನ್ನು ನೋಡಿ, ಆಸನ ಎತ್ತಿ, ಎಳೆದು ಹಾಕಿದ. ಕುರ್ಚಿ ಉಸಿರು ಬಿಟ್ಟು, ಅಂಕೆಗೆ ಬಂತು.

ಅಕ್ಕ ಹೊಸ ಕುರ್ಚಿಯಲ್ಲಿ ಕೂತು ಬರೆದ ಮೊದಲ ಬರಹ ಆ ಕುರ್ಚಿಯನ್ನು ಜೋಡಿಸುವ ಬಗೆ. ಯಾರೂ ಕೇಳಿರಲಿಲ್ಲ. ಹೊಟ್ಟೆಯ ಉರಿ ತಡೆಯದೆ ಬರೆದಳು. ಬರೆದು ಅತ್ತೆಗೆ ಕೊಟ್ಟಳು. ಅತ್ತೆ ಓದಿ ಜೋಡಿಸಬೇಕು, ಬರೆದದ್ದನ್ನು ಬರೆದ ಹಾಗೇ. ಇಲ್ಲೊಂದು ತೊಂದರೆ ಎದುರಾಯಿತು. ಅತ್ತೆ ಎಲ್ಲಿ ತಡವರಿಸಿದರೂ ಅಕ್ಕನ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು: "ಅದಲ್ಲ ಅತ್ತೆ, ಆ ಕಡೆದು." ಅಷ್ಟು ವರ್ಷ ಫೋನಿನಲ್ಲಿ ಹೇಳಿಕೊಟ್ಟ ಬಾಯಿ, ಸುಮ್ಮನಿರು ಅಂದರೆ ಇರುತ್ತದೆಯೇ.

ಕೊನೆಗೆ ಅತ್ತೆ ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ತಂದು ಅವಳ ಕೈಗೆ ಕೊಟ್ಟರು. "ಬಾಯಿ ತುಂಬ ತುಂಬ್ಕೋ. ನುಂಗಬಾರದು. ನಾನು ಕೂತ್ಕೊಳ್ಳೋವರೆಗೂ ಹಾಗೇ ಇರು."

ಇದಕ್ಕಿಂತ ಒಳ್ಳೆಯ ಸಲಕರಣೆ ಆ ಮನೆಗೆ ಬೇರೆ ಬರಲಿಲ್ಲ. ಅತ್ತೆ ನೆಲದ ಮೇಲೆ ಕೂತು ಗಟ್ಟಿಯಾಗಿ ಓದುತ್ತಾ ತಿರುಪು ತಿರುಗಿಸುವುದು, ಅಕ್ಕ ಎರಡೂ ಕೆನ್ನೆ ಉಬ್ಬಿಸಿಕೊಂಡು ಕಣ್ಣರಳಿಸಿ ನೋಡುವುದು. ಅತ್ತೆ ನಿಂತಲ್ಲಿ ಅಕ್ಕ ಹಾಳೆಯ ಮೇಲೆ ಗುರುತು ಹಾಕಿಕೊಳ್ಳುವಳು. ಆಮೇಲೆ ಬಿಚ್ಚಿ, ತಿದ್ದಿ, ಮತ್ತೆ ಓದು. ಗಂಡ ಕೆಲಸ ಮುಗಿಸಿ ಬಂದವನು, "ಇವಳ ಬಾಯಿ ಮುಚ್ಚಿಸೋ ಉಪಾಯ ಇಷ್ಟು ಸುಲಭ ಇತ್ತಾ? ಇಷ್ಟು ವರ್ಷ ಯಾಕಮ್ಮ ಹೇಳಲಿಲ್ಲ?" ಅಂದ. ಅಕ್ಕನಿಗೆ ನಗು ಬಂದು ನೀರೆಲ್ಲ ಕುರ್ಚಿಯ ಮೇಲೆ. ಹೀಗೆ ದಿನಗಟ್ಟಲೆ ಮಾಡಿದ ಮೇಲೆ ಅತ್ತೆ ಒಂದು ಸಲವೂ ನಿಲ್ಲದೆ, ಕೊನೆಯ ಸಾಲು "ಈಗ ಕುಳಿತುಕೊಳ್ಳಿ" ಎಂಬುದನ್ನು ಓದಿ, ಗಂಭೀರವಾಗಿ ಕುಳಿತರು.

ಆ ಹಾಳೆಯನ್ನು ಅಕ್ಕ ಕುರ್ಚಿಯ ಕಂಪನಿಗೇ ಕಳಿಸಿದಳು. ಉತ್ತರದ ಆಸೆಯಿರಲಿಲ್ಲ. ಮಳೆ ತೆಳುವಾಗತೊಡಗಿತ್ತು, ಎದುರು ಮನೆಯವರು ಕೊಡೆಗಳನ್ನು ಒಣಗಿಸಿ ಮಡಚಿ ಒಳಗಿಡುತ್ತಿದ್ದರು. ತರಕಾರಿ ತರಲು ಹೋದಾಗ ಅಂಗಡಿಯ ಮುಂದೆ ಹಾಯ್ದರೆ ಒಳಗೆ ಸ್ಟೂಲು ಕಾಣುತ್ತಿತ್ತು. ಮೇಲೆ ಯಾರೂ ಕೂತಿರಲಿಲ್ಲ. ಅದನ್ನು ನೋಡಿದರೆ ಸಮಾಧಾನವೂ ಆಗುತ್ತಿತ್ತು, ನಾಚಿಕೆಯೂ ಆಗುತ್ತಿತ್ತು.

ಆ ವಾರವೇ ಒಂದು ಬೆಳಿಗ್ಗೆ ಅಕ್ಕ ಬಾಗಿಲು ಹಾಕಿಕೊಂಡು, ಹೆಡ್‌ಫೋನ್ ಏರಿಸಿ ಕೂತಿದ್ದಳು. ಫೋನು ಹೊರಗಿನ ಕಪಾಟಿನ ಮೇಲೆ ಉಳಿದಿತ್ತು. ಊಟಕ್ಕೆ ಎದ್ದು ಬಂದಾಗ ಅತ್ತೆ ತಣ್ಣಗೆ ಹೇಳಿದರು:

"ಕುರ್ಚಿ ಕಂಪನಿಯವರು ಫೋನ್ ಮಾಡಿದ್ರು ಕಣೇ. ಯಾರೋ ಮೇಡಂ."

ಅಕ್ಕ ಕಪಾಟಿನ ಮೇಲಿನ ಫೋನು ಎತ್ತಿಕೊಂಡಳು. "ನನ್ನ ಕರೀಲಿಲ್ವಾ ಅತ್ತೆ?"

"ಹೇಗೆ ಕರೀಲಿ? ಬರವಣಿಗೆ ನಡೀತಾ ಇದೆ, ಒಳಗೆ ಬರಬೇಡಿ ಅಂತ ಬೋರ್ಡ್ ಇದೆಯಲ್ಲ. ಹಾಗಂತಲೇ ಅವರಿಗೂ ಹೇಳ್ದೆ. ಆಮೇಲೆ ಮಾಡಿ ಅಂದೆ. ಇಟ್ಟುಬಿಟ್ರು."

ಅಕ್ಕ ತಲೆಯ ಮೇಲೆ ಕೈ ಹೊತ್ತು ಕೂತಳು. ಅವಳು ಬೈಯಲಿಲ್ಲ, ಯಾರನ್ನು ಬೈಯಬೇಕು, ಬೋರ್ಡ್ ಬರೆದವನನ್ನೋ, ಓದಿದವರನ್ನೋ. ಅವಳೇ ವಾಪಸು ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ದೀಪ ಹಾಕುವ ಹೊತ್ತಿಗೆ ಮೇಡಂ ತಾವೇ ಮತ್ತೆ ಫೋನ್ ಮಾಡಿದರು.

"ನಿಮ್ಮ ಹಾಳೆ ಓದಿದೆ. ಕೆಂಪು ಮುಚ್ಚಳದ ಸಾಲು ನೋಡಿ ಕುರ್ಚಿ ಜೋಡಿಸೋ ನಮ್ಮ ಫಿಟ್ಟರುಗಳು ನಕ್ಕರು, ಇದನ್ನೂ ಹೇಳಬೇಕಾ ಅಂತ. ನನಗೇನೋ ಹೇಳಬೇಕು ಅನ್ನಿಸ್ತು. ಕುರ್ಚಿ ಅಲ್ಲಾಡುತ್ತೆ ಅಂತ ದೂರುಗಳು ಬರ್ತಾನೇ ಇವೆ. ಹೊಸ ಮಾದರಿ ಒಂದು ಬಂದಿದೆ. ಆಫೀಸಿಗೆ ಬನ್ನಿ, ನೋಡಿ ಬರೀರಿ. ನೀವು ಬರೆದದ್ದನ್ನ ಓದಿ ಒಬ್ಬರು ಅದನ್ನ ಜೋಡಿಸಬೇಕು. ಆಯ್ತಾ, ಮುಂದೆ ಬರೋ ಎಲ್ಲದಕ್ಕೂ ನೀವೇ ಬರೀತೀರಿ. ಆಗಲಿಲ್ವಾ, ಚಹಾ ಕುಡಿದು ಹೋಗೋದು. ನಿಮಗಿಂತ ಮುಂಚೆ ಇಬ್ಬರು ಚಹಾ ಕುಡಿದು ಹೋಗಿದ್ದಾರೆ."

ಅಕ್ಕ ಕೇಳಿದಳು: "ಮೇಡಂ, ನನ್ನ ಸಲಕರಣೆ ತರಬಹುದಾ?"

"ಲ್ಯಾಪ್‌ಟಾಪ್ ತಾನೇ? ಧಾರಾಳವಾಗಿ ತನ್ನಿ."

ಆಫೀಸಿನ ಕೋಣೆ ಗಾಜಿನದು, ನೆಲಕ್ಕೆ ಬೂದುಬಣ್ಣದ ಹಾಸು. ಮೇಡಂ ಬಂದವರು ಅಕ್ಕನ ಕೈಯಲ್ಲಿ ಒಂದು ಪೆನ್ನು, ಪಕ್ಕದಲ್ಲಿ ಇಸ್ತ್ರಿ ಮಾಡಿದ ಸೀರೆಯುಟ್ಟ ಹಿರಿಯರನ್ನು ನೋಡಿ ಬಾಗಿಲ ಕಡೆ ಕಣ್ಣಾಡಿಸಿದರು.

"ಎಲ್ಲಿ ಸಲಕರಣೆ?"

"ಇವರೇ. ನಮ್ಮತ್ತೆ. ಆಮೇಲೆ ಒಂದು ಲೋಟ ನೀರು ಬೇಕು."

ಮೇಡಂ ಅತ್ತೆಯ ದನಿ ಕೇಳಿದೊಡನೆ ಗುರುತು ಹಿಡಿದರು. "ಬೋರ್ಡ್ ಓದಿದವರು ನೀವೇನಾ?" ಎಂದು ಕೈಕುಲುಕಿದರು. ಓದಿ ಜೋಡಿಸಲು ತಮ್ಮ ಆಫೀಸಿನವರೇ ಒಬ್ಬರನ್ನು ಗೊತ್ತುಮಾಡಿದ್ದವರು, ಸರಿ, ಇವರೇ ಜೋಡಿಸಲಿ ಎಂದು ಒಪ್ಪಿದರು.

ಜೋಡಿಸಿಟ್ಟ ಮಾದರಿಯ ಕುರ್ಚಿಯೊಂದು ಮೂಲೆಯಲ್ಲಿತ್ತು. ಅತ್ತೆಯನ್ನು ಹೊರಗೆ ಕೂರಿಸಿ, ಅಕ್ಕ ಅದನ್ನು ಬಿಚ್ಚಿದಳು, ಜೋಡಿಸಿದಳು, ಮತ್ತೆ ಬಿಚ್ಚಿದಳು. ತಲೆ ಒರಗಿಸುವ ಹೊಸ ಭಾಗವೊಂದಿತ್ತು, ಅದು ಚೇಷ್ಟೆಯದು. ಅದನ್ನು ಎಲ್ಲರಿಗೂ ತಿಳಿಯುವಂತೆ ಬರೆಯುವುದರಲ್ಲಿ ಅವಳ ಬೆವರಿಳಿಯಿತು. ಬರೆದು ಮುಗಿಸಿ ಓದಿಕೊಂಡಾಗ ಸಾಲುಗಳು ಹೆದ್ದಾರಿಯ ಹಾಗೆ ನೆಟ್ಟಗೆ ಕಂಡವು. ತನ್ನ ಕೈಯಲ್ಲಿ ಇಷ್ಟು ಚೆನ್ನಾಗಿ ಇದುವರೆಗೆ ಬಂದಿರಲಿಲ್ಲ ಎಂದು ಅವಳಿಗೆ ಗೊತ್ತಾಯಿತು.

ಹೊಸ ಡಬ್ಬ ಬಂತು, ಟೇಪು ಹಚ್ಚಿದ್ದು. ಅತ್ತೆ ಒಳಗೆ ಬಂದು, ಸೆರಗು ಸಿಕ್ಕಿಸಿ, ಹಾಸಿನ ಮೇಲೆ ಕೂತರು. ಅಕ್ಕ ಬಾಯಿ ತುಂಬ ನೀರು ತುಂಬಿಕೊಂಡಳು. ಮೇಡಂ ಏನೋ ಕೇಳಿದರು. ಅಕ್ಕ ಕೆನ್ನೆ ತೋರಿಸಿ ಕೈಯಾಡಿಸಿದಳು.

ಅತ್ತೆ ಓದುತ್ತಾ ಹೋದರು, ಕೈ ನಡೆಯುತ್ತಾ ಹೋಯಿತು. ಗಾಲಿಗಳು ಕೂತವು. ಕಂಬ ನಿಂತಿತು. "ಈಗ ಕಂಬದ ತುದಿಯನ್ನು ಆಸನದ ಅಡಿಯ ತೂತಿಗೆ ಸೇರಿಸಿ" ಎಂದು ಓದಿ ಅತ್ತೆ ಕಂಬದ ಮೇಲೆ ಕೈಯಿಟ್ಟರು. ಕೈ ಅಲ್ಲೇ ನಿಂತಿತು.

ಕಂಬದ ತುದಿಗೆ ಕೆಂಪು ಪ್ಲಾಸ್ಟಿಕ್ ಮುಚ್ಚಳವಿತ್ತು.

ಅಕ್ಕ ಮೂಲೆಯ ಕಡೆ ತಿರುಗಿ ನೋಡಿದಳು. ಮೂಲೆಯ ಮಾದರಿಗೆ ಮುಚ್ಚಳವಿರಲಿಲ್ಲ. ಅದನ್ನು ಯಾರೋ ಮೊದಲೇ ಜೋಡಿಸಿಟ್ಟಿದ್ದರು, ಯಾವಾಗಲೋ ತೆಗೆದು ಬಿಸಾಡಿದ್ದರು. ಊರಿಗೆಲ್ಲ ಯಾವ ಮುಚ್ಚಳದ ಪಾಠ ಹೇಳಿ ಇಲ್ಲಿಯವರೆಗೆ ಬಂದಿದ್ದಳೋ ಅದನ್ನೇ ಬರೆಯಲು ಮರೆತಿದ್ದಳು. ದೀಪದ ಕೆಳಗೇ ಕತ್ತಲು. ಅವಳು ಅತ್ತೆಯನ್ನು ನೋಡಿದಳು. ಅತ್ತೆಗೆ ಆ ಮುಚ್ಚಳ ಚೆನ್ನಾಗಿ ಗೊತ್ತು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಬಂತು. ಕಣ್ಣು ಮಿಟುಕಿಸುವುದರೊಳಗೆ ಆಗುವ ಕೆಲಸ. ಎಳೆದುಬಿಡಿ ಅತ್ತೆ, ಎಂದು ಅಕ್ಕನ ಜೀವ ಕೂಗಿತು. ಬಾಯಿ ತುಂಬ ನೀರಿತ್ತು.

ಅತ್ತೆ ಹಾಳೆಯನ್ನು ಇನ್ನೊಮ್ಮೆ ಓದಿದರು. ಸೊಸೆಯ ಕಡೆ ನೋಡಿದರು. ಆಮೇಲೆ ಕಂಬವನ್ನು ಮೆಲ್ಲಗೆ ಕೆಳಗಿಟ್ಟರು.

"ಇದನ್ನ ತೆಗೀಬೇಕು ಅಂತ ಇಲ್ಲಿ ಬರೆದಿಲ್ಲ" ಎಂದರು.

ಅಕ್ಕ ಗುಟುಕ್ಕನೆ ನೀರು ನುಂಗಿದಳು. ಮುಗಿಯಿತು, ಇನ್ನು ಚಹಾ ತರಿಸುತ್ತಾರೆ ಎಂದುಕೊಂಡಳು. ನಾಳೆ ಹೋಗಿ ಸ್ಟೂಲಿನ ಧೂಳು ಒರೆಸಿ ಕೂರುವುದು ಅಷ್ಟೇ.

ಮೇಡಂ ಮಾತ್ರ ಅತ್ತೆಯನ್ನೇ ನೋಡುತ್ತಿದ್ದರು. ಹೊರಗೆ ಹಾಯ್ದು ಹೋಗುತ್ತಿದ್ದ ಫಿಟ್ಟರನ್ನು ಒಳಗೆ ಕರೆದರು. "ಈ ಕುರ್ಚಿ ಜೋಡಿಸಿ ನೋಡೋಣ. ಕಂಬದ ಹತ್ತಿರ ಏನು ಮಾಡ್ತೀರಿ, ಬಾಯಲ್ಲಿ ಹೇಳ್ತಾ ಮಾಡಿ."

"ಏನಿದೆ ಮೇಡಂ, ಕಂಬ ತಗೊಳ್ಳೋದು, ಆಸನಕ್ಕೆ ಹಾಕೋದು" ಎಂದ ಫಿಟ್ಟರು, ಹೇಳುತ್ತಲೇ ಹಾಕಿಯೂ ಬಿಟ್ಟ.

"ಮುಚ್ಚಳ ತೆಗೆದ್ರಾ?"

"ಯಾವ ಮುಚ್ಚಳ ಮೇಡಂ?"

ಮುಚ್ಚಳ ಅವನ ಎಡಗೈಯಲ್ಲೇ ಇತ್ತು. ಅವನು ಅದನ್ನು ನೋಡಿ ಪಾಪ, ಇದು ತನ್ನ ಕೈಗೆ ಹೇಗೆ ಬಂತು ಎಂಬಂತೆ ಬೆಪ್ಪಾದ. ಮೊದಲು ನಕ್ಕದ್ದು ಅವನೇ.

ಮೇಡಂ ನಗು ತಡೆದು ಅಕ್ಕನ ಎದುರು ಕೂತರು. "ನೋಡಿದ್ರಲ್ಲ. ನಮ್ಮೋರೆಲ್ಲ ಹೀಗೇ ತೆಗೀತಾರೆ, ತೆಗೀತೀವಿ ಅನ್ನೋದೂ ಗೊತ್ತಿಲ್ಲದೆ. ನಮ್ಮೋರು ಜೋಡಿಸಿ ನೋಡಿದ್ದಿದ್ರೆ ನಿಮ್ಮ ಹಾಳೆ ಪಾಸಾಗಿರೋದು, ಹಾಗೇ ಅಚ್ಚಾಗಿರೋದು, ದೂರು ಮತ್ತೆ ಬಂದಿರೋದು. ತಪ್ಪು ಮಾಡದೆ ಬರೆಯೋರು ನನಗೆ ಇನ್ನೂ ಸಿಕ್ಕಿಲ್ಲ. ತಪ್ಪು ಹಿಡಿಯೋರನ್ನ ಜೊತೇಲೇ ಕರ್ಕೊಂಡು ಬಂದವರು ನೀವೇ ಮೊದಲು. ಒಂದು ಸಾಲು ಸೇರಿಸಿ. ಅಮ್ಮಾ, ನೀವು ಇನ್ನೊಂದು ಸಲ ಓದ್ತೀರಾ?"

ಅಕ್ಕ ಸಾಲು ಸೇರಿಸಿದಳು. ಫಿಟ್ಟರು ಕುರ್ಚಿ ಬಿಚ್ಚಿ, ಮುಚ್ಚಳವನ್ನು ಮತ್ತೆ ಕಂಬಕ್ಕೆ ಹಾಕಿಟ್ಟ. ಲೋಟಕ್ಕೆ ಮತ್ತೆ ನೀರು ತುಂಬಿಸಿದರು. ಅತ್ತೆ ಮೊದಲಿನಿಂದ ಓದಿ, ಎಲ್ಲೂ ನಿಲ್ಲದೆ, "ಈಗ ಕುಳಿತುಕೊಳ್ಳಿ" ಎಂಬಲ್ಲಿಗೆ ಬಂದು ಕೂತು, ಹೊಸ ಭಾಗಕ್ಕೆ ತಲೆ ಒರಗಿಸಿದರು. ಚಹಾವೂ ಬಂತು. ಅದು ಬೇರೆ ಚಹಾ.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅತ್ತೆ, ಈ ಪಕ್ಕ ಅಕ್ಕ. ಹೊರಗೆ ಬಿಸಿಲು ಬಿದ್ದಿತ್ತು. ಅತ್ತೆ ಹೇಳಿದರು:

"ಆ ಮುಚ್ಚಳ ಎಳೆದುಬಿಡೋಣ ಅಂತ ಕೈ ಹೋಗಿತ್ತು ಕಣೇ. ನಿನ್ನ ಮುಖ ನೋಡೋಕೆ ಆಗ್ತಿರಲಿಲ್ಲ. ಆದ್ರೆ ನಾಳೆ ಯಾವಳೋ ಒಬ್ಬಳು ಮನೇಲಿ ಒಂಟಿಯಾಗಿ ಕೂತ್ಕೊಂಡು ಇದನ್ನ ಓದ್ತಾಳಲ್ಲ. ಅವಳ ಪಕ್ಕ ನಾನಿರಲ್ಲ. ನೀನು ಬರೆದದ್ದು ಮಾತ್ರ ಇರುತ್ತೆ." ಸೆರಗು ಸರಿಮಾಡಿಕೊಂಡು, "ಅದಕ್ಕೇ ತಾನೇ ನೀನು ಕೆಲಸ ಬಿಟ್ಟಿದ್ದು" ಅಂದರು.

ಬಾಯಲ್ಲಿ ನೀರಿಲ್ಲದಿದ್ದರೂ ಅಕ್ಕನಿಗೆ ಮಾತು ಹೊರಡಲಿಲ್ಲ. ಕಣ್ಣಲ್ಲಿ ಬಂದ ನೀರನ್ನು ಅತ್ತೆ ನೋಡಿಯೂ ನೋಡದವರಂತೆ ಕಿಟಕಿಯ ಕಡೆ ತಿರುಗಿದರು. ಕೂತ ಕೊಂಬೆಯ ಮಾತು ಆಡಿದವರು ತನ್ನ ಮನಸ್ಸನ್ನು ಇಷ್ಟು ಸರಿಯಾಗಿ ಓದಿಕೊಂಡಿದ್ದಾರೆಂದು ಅವಳಿಗೆ ಆವತ್ತಿನವರೆಗೆ ಗೊತ್ತಿರಲಿಲ್ಲ.

ಅಂಗಡಿಯ ಸ್ಟಾಪಿನಲ್ಲಿ ಇಬ್ಬರೂ ಇಳಿದರು. ಸಾಹುಕಾರರು ಸುದ್ದಿ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು. ಸಂತೋಷಕ್ಕೂ ಬೇಜಾರಿಗೂ ಅವರು ಮಾಡುವುದು ಅದೊಂದೇ. ಆಮೇಲೆ ಕೌಂಟರಿನ ಹಿಂದೆ ಹೋಗಿ ಸ್ಟೂಲನ್ನು ಎತ್ತಿಕೊಂಡು ಬಂದರು.

"ಹೊಸಬರಿಗೆ ಹೊಸದು ತರ್ತೀನಿ. ಇದು ನಿಮಗೇ ಅಭ್ಯಾಸ. ತಗೊಂಡು ಹೋಗಿ."

ಅಕ್ಕ ಬೇಡವೆಂದಳು. ಮನೆಯಲ್ಲಿ ಗಾಲಿಯ ಕುರ್ಚಿ ಇದೆಯಲ್ಲ, ಜಾಗವೆಲ್ಲಿದೆ, ಅಂದಳು. ಅತ್ತೆ ಅವಳ ಮಾತು ಕಿವಿಗೆ ಹಾಕಿಕೊಳ್ಳದೆ ಸ್ಟೂಲಿನ ಒಂದು ಕಾಲು ಹಿಡಿದು ನಡೆದೇಬಿಟ್ಟರು.

ಅದರ ಕಾರಣ ಮನೆಗೆ ಹೋದಮೇಲೆ ತಿಳಿಯಿತು. ಅತ್ತೆ ನೇರವಾಗಿ ಕೋಣೆಗೆ ಹೋಗಿ ಗಾಲಿಯ ಕುರ್ಚಿಯಲ್ಲಿ ಕೂತು, ಒಂದು ಸುತ್ತು ತಿರುಗಿ, ಸೊಸೆಗೆ ಸ್ಟೂಲನ್ನು ತೋರಿಸಿದರು.

"ಅತ್ತೆ, ಅದು ನನ್ನ ಬರೆಯೋ ಕುರ್ಚಿ" ಎಂದಳು ಅಕ್ಕ.

"ಈಗ ಕುಳಿತುಕೊಳ್ಳಿ ಅಂತ ಬರೆದೋಳು ನೀನೇ. ಎದ್ದೇಳಿ ಅಂತ ಆ ಹಾಳೇಲಿ ಎಲ್ಲಿದೆ, ತೋರಿಸು."

ಅಕ್ಕ ಹಾಳೆ ತಂದು ನೋಡಿದಳು. ಎಲ್ಲೂ ಇರಲಿಲ್ಲ. ಅವಳು ಸ್ಟೂಲನ್ನು ಮೇಜಿಗೆ ಎಳೆದುಕೊಂಡು, ನೆಲಕ್ಕೆಟುಕದ ಕಾಲು ಆಡಿಸುತ್ತಾ, ಬರೆಯಲು ಕೂತಳು.